ಚಿಕ್ಕ ತೇರೂ ತೇರೇ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುತ್ತವೆ. ಶ್ರೀಕಂಠೇಶ್ವರನ ತೇರು ಎಲ್ಲಕ್ಕಿಂತ ದೊಡ್ಡದು, ನಿಜ. ಹಾಗೆಂದು ಗಣಪತಿಯ ತೇರನ್ನು ಯಾರೂ ಆಟಿಕೆ ಎನ್ನುವುದಿಲ್ಲ. ವಿಡಿಯೋ ಗೇಮ್ ಪಂಡಿತರೆಂದು ಬೀಗುವ ನಮ್ಮ ಹುಡುಗರಿಗೆ ಮಾತ್ರ ಈ ವಿವೇಕವಿಲ್ಲ. ಡ್ರಾಕುಲಾನ ಕೋಟೆಯ ‘ಕ್ಯಾಸಲ್‌ವೇನಿಯಾ’ ಸರಣಿಯ ಮಾತೆತ್ತಿದರೆ ಸಾಕು, ಟಿ.ವಿ.ಗೆ ಜೋಡಿಸಿ ಆಡಿದ 1997ರ ‘ಸಿಂಫನಿ ಆಫ್ ದಿ ನೈಟ್’ ಒಂದೇ ಅಸಲು, ಅಂಗೈಯಲ್ಲಿ ಹಿಡಿದು ಆಡುವವೆಲ್ಲ ಅದರ ನಕಲು ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಸ್ವಾಮಿ, 2001ರಿಂದ 2008ರವರೆಗೆ ಆ ದಾರಿಯನ್ನು ಉಳಿಸಿ ಬೆಳೆಸಿದ್ದು ಈ ಅಂಗೈ ಆಟಗಳೇ. ಮೂರು ಗೇಮ್ ಬಾಯ್ ಅಡ್ವಾನ್ಸ್‌ಗೆ, ಮೂರು ನಿಂಟೆಂಡೊ ಡಿಎಸ್‌ಗೆ.

2001ರ ‘ಸರ್ಕಲ್ ಆಫ್ ದಿ ಮೂನ್’ ಕತ್ತಲೆಯಾಯಿತೆಂದು ಬೈದರು. ತಪ್ಪು ಆಟದ್ದಷ್ಟೇ ಅಲ್ಲ. ಆ ಯಂತ್ರದ ತೆರೆಗೆ ಬೆಳಕೇ ಇರಲಿಲ್ಲ. 2021ರ ಸಂಕಲನ ಬಂದ ಮೇಲೆ ಅದನ್ನು ಟಿ.ವಿ.ಯಲ್ಲೇ ಆಡಬಹುದು, ಆ ಆರೋಪ ಬಿದ್ದುಹೋಯಿತು. ಹತ್ತು ಹತ್ತರ ಎರಡು ಗುಂಪು ಎಲೆಗಳಿಂದ ನೂರು ಮಂತ್ರ ಹೆಣೆಯುವ ಅದರ ಜಾಣ್ಮೆಯನ್ನು ಯಾರೂ ನೆನೆಯಲಿಲ್ಲ. 2002ರ ‘ಹಾರ್ಮನಿ ಆಫ್ ಡಿಸೊನೆನ್ಸ್’ ಕತ್ತಲೆಗೆ ಹೆದರಿ ಬಣ್ಣ ಬಳಿದುಕೊಂಡಿತು, ಸಂಗೀತ ಸೊರಗಿತು. 2003ರ ‘ಏರಿಯಾ ಆಫ್ ಸಾರೋ’ ಎರಡನ್ನೂ ಸರಿಪಡಿಸಿತು. ಕೊಂದ ಶತ್ರುವಿನ ಆತ್ಮವೇ ನಾಯಕನ ಆಯುಧ! ಸೊಗಸಾದ ಕಲ್ಪನೆ, ಒಪ್ಪಿದೆ. ಆದರೆ ಎಲ್ಲರೂ ಅದನ್ನೇ ಪಟ್ಟಕ್ಕೇರಿಸಿರುವುದನ್ನು ನಾನು ಒಪ್ಪಲಾರೆ. ಅಲ್ಲಿ ಎಲ್ಲವೂ ಸಂಗ್ರಹ. ಲೆಕ್ಕ ತುಂಬಿಸುವುದೇ ಸುಖ.

ನನ್ನ ಓಟು 2008ರ ‘ಆರ್ಡರ್ ಆಫ್ ಎಕ್ಲೀಸಿಯಾ’ಕ್ಕೆ. ಅದು ಕಠಿಣ, ಕೋಟೆಯ ಹೊರಗಿನ ಕೆಲವು ಹಾದಿಗಳು ಒಂದೇ ಅಚ್ಚಿನವು. ಇರಲಿ. ಶನೋವಾ ಎಂಬ ಹೆಣ್ಣು ನೆನಪನ್ನೂ ಭಾವನೆಯನ್ನೂ ಕಳೆದುಕೊಂಡವಳು. ಅವಳ ಎದುರು ಜನ ಮಾಯವಾದ ಒಂದು ಹಳ್ಳಿಯಿದೆ. ವೈದ್ಯ, ಕಮ್ಮಾರ ಹೀಗೆ ಒಬ್ಬೊಬ್ಬರನ್ನೇ ಬಿಡಿಸಿ ತಂದಂತೆ ಹಾಳು ಬಿದ್ದ ಮನೆಗಳಲ್ಲಿ ಮಾತು ಕೇಳಿಸುತ್ತದೆ. ಎಲ್ಲರನ್ನೂ ಬಿಡಿಸದೆ ಕೊನೆಗೆ ಧಾವಿಸಿದರೆ ನಿಜವಾದ ಅಂತ್ಯ ದಕ್ಕುವುದಿಲ್ಲ. ಬಲವಿದ್ದರೆ ಸಾಲದು, ಜನ ಬೇಕು ಎನ್ನುತ್ತದೆ ಆಟ.

ಇದು ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು? ನಮ್ಮ ತಿ. ನರಸೀಪುರ ತಾಲ್ಲೂಕಿನಲ್ಲೇ ತಲಕಾಡಿದೆ. ಬಂದವರಿಗೆ ಅಲಮೇಲಮ್ಮನ ಶಾಪ ಬೇಕು, ಮರಳಿನಡಿಯ ಗುಡಿ ಬೇಕು. ಮರಳು ಮೇಲೇರಿ ಬಂದಾಗ ಮನೆ ಬಿಟ್ಟು ಸರಿದವರ ಗೋಜು ಯಾರಿಗೂ ಬೇಡ. ಶಾಪವೂ ಕೋಟೆಯೂ ಎಲ್ಲ ಆಟದಲ್ಲಿವೆ. ಊರಿನವರ ಲೆಕ್ಕವಿಟ್ಟದ್ದು ಈ ಪುಟ್ಟ ಪೆಟ್ಟಿಗೆಯ ಆಟ. ತೆರೆಯ ಅಳತೆ ಹಿಡಿದು ಕೂತವರಿಗೆ ಇದು ಕಾಣುವುದಾದರೂ ಹೇಗೆ?