ಹೌದು, ನಾನು ಪ್ರೇಮ ಕಾದಂಬರಿ ಓದ್ತೀನಿ. ಏನೀಗ?

ಮೊನ್ನೆ ಶಿರಾದಲ್ಲಿ ನೆಂಟರ ಮದುವೆ. ಊಟಕ್ಕೆ ಇನ್ನೂ ಹೊತ್ತಿತ್ತು. ಮೂಲೆಯಲ್ಲೊಂದು ಕುರ್ಚಿ ಹಿಡಿದು ಬ್ಯಾಗಿನಿಂದ ಸಾಯಿಸುತೆ ಕಾದಂಬರಿ ತೆಗೆದೆ. ಅಷ್ಟರಲ್ಲಿ ನಮ್ಮ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. ಮುಖಪುಟ ನೋಡಿದರು, ನನ್ನ ಮುಖ ನೋಡಿದರು. "ಡಿಗ್ರಿ ಮಾಡ್ಕೊಂಡೂ ಈ ಅಡುಗೆಮನೆ ಸಾಹಿತ್ಯಾನೇ ಓದ್ತೀಯೇನಮ್ಮಾ?" ಅಂದರು. ಸುತ್ತ ಕೂತವರೆಲ್ಲ ನಕ್ಕರು. ಹಿರಿಯರು ಅಂತ ನಾನೂ ಹಲ್ಲು ಕಿರಿದೆ. ಮಧುಗಿರಿ ಬಸ್ ಹತ್ತಿದ ಮೇಲೆ ಸಿಟ್ಟು ಬಂತು. ನನ್ನ ಹಣೆಬರಹವೇ ಇಷ್ಟು, ಉತ್ತರ ಹೊಳೆಯೋದು ಬಡವನಹಳ್ಳಿ ದಾಟಿದ ಮೇಲೆ :)

ಅಲ್ಲಿ ಹೇಳದೇ ಉಳಿದದ್ದನ್ನ ಇಲ್ಲಿ ಹೇಳಿಬಿಡ್ತೀನಿ.

ಮೇಷ್ಟ್ರೇ, 1984ರಲ್ಲಿ 'ಬಂಧನ' ನೋಡಿ ಕಣ್ಣೀರು ಹಾಕಿದ್ದನ್ನ ನೀವೇ ಎಷ್ಟು ಸಲ ಹೇಳಿಲ್ಲ? ಅದು ಉಷಾ ನವರತ್ನರಾಂ ಅವರ ಕಾದಂಬರಿ. ರಾಜ್‌ಕುಮಾರ್ ಅವರ 'ಅನುರಾಗ ಅರಳಿತು' (1986) ಎಚ್.ಜಿ. ರಾಧಾದೇವಿ ಅವರ ಕಾದಂಬರಿಯಿಂದ ಬಂದದ್ದು. ಅದೇ ಕಥೆ ತೆಲುಗಿನಲ್ಲಿ ಚಿರಂಜೀವಿಗೆ 'ಘರಾನಾ ಮೊಗುಡು' ಆಯ್ತು, ತಮಿಳಿನಲ್ಲಿ ರಜನಿಕಾಂತ್‌ಗೆ 'ಮನ್ನನ್' ಆಯ್ತು, ಹಿಂದಿಗೂ ಹೋಗಿ 'ಲಾಡ್ಲಾ' ಆಯ್ತು. 'ಎರಡು ಕನಸು' ವಾಣಿಯವರದು. ಟಾಕೀಸಿನಲ್ಲಿ ನೀವು ಶಿಳ್ಳೆ ಹೊಡೆದು ನೋಡಿದರೆ ಕಲೆ. ಅದೇ ಕಥೇನ ಒಬ್ಬ ಹೆಂಗಸು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಓದಿದರೆ ಅಡುಗೆಮನೆ ಸಾಹಿತ್ಯ! ಇದ್ಯಾವ ನ್ಯಾಯ ಸ್ವಾಮಿ?

"ನಾವೂ ಕಾದಂಬರಿ ಓದ್ತೀವಮ್ಮ, ಆದರೆ ಐತಿಹಾಸಿಕ" ಅಂತಾರೆ. ನಾನೂ ಓದಿದ್ದೀನಿ. ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ'ಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಅದಕ್ಕಿಂತ ಹಳೇದು. ನಿಜ ಹೇಳಿ, ರಾತ್ರಿ ಹನ್ನೆರಡರ ತನಕ ನಿಮ್ಮನ್ನ ಎಬ್ಬಿಸಿ ಕೂರಿಸಿದ್ದು ಹೊಯ್ಸಳರ ದಂಡಯಾತ್ರೆಯಾ, ಬಿಟ್ಟಿದೇವ-ಶಾಂತಲೆಯರ ಪ್ರೀತಿಯಾ? ಕಥೆಯಲ್ಲಿ ಒಂದು ಕತ್ತಿ, ಒಂದು ಕಿರೀಟ ಇದ್ದುಬಿಟ್ಟರೆ ಅದೇ ಪ್ರೀತಿಗೆ ಎಲ್ಲಿಲ್ಲದ ಮರ್ಯಾದೆ. (ನಮ್ಮ ಸೀಮೇಲೇನು ಕಮ್ಮಿಯಾ? ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ದಾರಿಯಲ್ಲಿ ಮಿಡಿಗೇಶಿ ಬೆಟ್ಟ ಇದೆ. ಹಿಮ್ಮಡಿ ಮುಟ್ಟೋಷ್ಟು ಕೂದಲಿದ್ದ ಹೆಣ್ಣಿನಿಂದ ಆ ಹೆಸರು ಬಂತು ಅಂತ ಹೇಳ್ತಾರೆ. ಬಸ್ಸು ಅಲ್ಲಿ ನಿಂತಾಗಲೆಲ್ಲ ನನಗೆ ಅವಳ ಮೇಲೊಂದು ದಪ್ಪ ಕಾದಂಬರಿ ಓದೋ ಆಸೆ.)

ನನಗೆ ಈ ಚಟ ಹತ್ತಿಸಿದ್ದು ಕೊರಟಗೆರೆಯ ನಮ್ಮಮ್ಮ. 'ಸುಧಾ', 'ಮಂಗಳ'ದ ಧಾರಾವಾಹಿ ಪುಟಗಳನ್ನ ಕತ್ತರಿಸಿ, ಗೋಣಿ ಹೊಲಿಯೋ ದಬ್ಬಣದಲ್ಲಿ ಹೊಲಿದು ಪುಸ್ತಕ ಮಾಡ್ತಿದ್ದಳು. ಒಂದು ವಾರದ ಕಂತು ತಪ್ಪಿದ್ದರೆ ಆ ಜಾಗದಲ್ಲಿ ಬಿಳಿ ಹಾಳೆ! ಪಾವಗಡದ ದೊಡ್ಡಮ್ಮನ ಮನೆಗೆ ಹೋದರೆ ಬೇರೆಯೇ ಪ್ರಪಂಚ. ಅಲ್ಲಿ ಸುತ್ತ ಬಹುಪಾಲು ಆಂಧ್ರ, ಮನೆಮಾತು ತೆಲುಗು. ದೊಡ್ಡಮ್ಮ ಯದ್ದನಪೂಡಿ ಸುಲೋಚನಾರಾಣಿಯನ್ನ ತೆಲುಗಿನಲ್ಲಿ ಓದಿ, ರಾತ್ರಿ ನಮಗೆ ಕನ್ನಡದಲ್ಲಿ ಹೇಳೋಳು. ಎರಡು ಭಾಷೆಯಲ್ಲೂ ನಾಯಕ ಕಾರಿನಲ್ಲೇ ಬರ್ತಿದ್ದ!

ಈಗ ಸಿಟ್ಟಿನ ನಿಜವಾದ ಕಾರಣಕ್ಕೆ ಬರ್ತೀನಿ. "ಇಂಥವನ್ನ ಓದಿ ಹೆಣ್ಣುಮಕ್ಕಳು ಹಾಳಾಗ್ತಾರೆ" ಅಂತಲೂ ಮೇಷ್ಟ್ರು ಸೇರಿಸಿದರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯನ್ನ ಪರೀಕ್ಷೆ ಮುಗಿದ ತಿಂಗಳಿಗೇ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಅವಳು ಒಂದೇ ಒಂದು ಕಾದಂಬರಿಯನ್ನೂ ಓದಿದವಳಲ್ಲ. ಅವಳನ್ನ ಹಾಳು ಮಾಡಿದ್ದು ಯಾವ ಪುಸ್ತಕ ಮೇಷ್ಟ್ರೇ? ನಿನಗೆ ಒಪ್ಪಿಗೆಯಾ ಅಂತ ಅವಳನ್ನ ಶಾಸ್ತ್ರಕ್ಕೂ ಯಾರೂ ಕೇಳಲಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲಿ ಬಂತು, ಹದಿನೆಂಟು ತುಂಬಬೇಕು ಅಂತು. ಹದಿನೆಂಟು ತುಂಬಿದವಳನ್ನಾದರೂ ಎಷ್ಟು ಮನೆಗಳಲ್ಲಿ ಕೇಳ್ತಾರೆ?

ಆ ಕಾದಂಬರಿಗಳಲ್ಲಿ ಕೇಳ್ತಿದ್ದರು. ನಾಯಕ ಕೇಳ್ತಿದ್ದ, ಅವಳು ತಕ್ಷಣ ಉತ್ತರ ಕೊಡ್ತಿರಲಿಲ್ಲ, ಒಂದು ಇಡೀ ಅಧ್ಯಾಯ ಯೋಚನೆ ಮಾಡ್ತಿದ್ದಳು. ಹೆಣ್ಣು ಯೋಚನೆ ಮಾಡೋಕೆ ಟೈಮ್ ತಗೋಬಹುದು, ಬೇಡ ಅನ್ನಲೂಬಹುದು ಅಂತ ಹದಿನಾರನೇ ವಯಸ್ಸಿನಲ್ಲಿ ನನಗೆ ಗೊತ್ತಾಗಿದ್ದು ಅಲ್ಲೇ. ಪಾಠದ ಪುಸ್ತಕದಲ್ಲಂತೂ ಇರಲಿಲ್ಲ.

ಹಾಗಂತ ತಪ್ಪಿಲ್ಲವಾ? ಬೇಕಾದಷ್ಟಿದೆ. ನಾಯಕ ಡಾಕ್ಟರೋ ಎಸ್ಟೇಟ್ ಮಾಲೀಕನೋ ಆಗಿರಲೇಬೇಕು. ಕೆನ್ನೆಗೆ ಬಾರಿಸಿದವನನ್ನೂ ಕೊನೆಯಲ್ಲಿ ಕ್ಷಮಿಸಿಬಿಡ್ತಾಳೆ, ಅದು ಇವತ್ತಿಗೂ ನನಗೆ ಗಂಟಲಲ್ಲಿ ಇಳಿಯಲ್ಲ. ಮನೆಯ ಜಾತಿ ಯಾವುದು ಅಂತ ಅಡುಗೆಯಲ್ಲೇ ಗೊತ್ತಾಗುತ್ತೆ. ಮುದ್ದೆ ತಿನ್ನೋ, ಕಡಲೇಕಾಯಿ ಬಿಡಿಸೋ ಕೈಗಳ ನಾಯಕಿ ನನಗಂತೂ ಸಿಕ್ಕಿಲ್ಲ. ಈ ಬಗ್ಗೆ ಜಗಳ ಆಡಿ, ಬರ್ತೀನಿ. ಆದರೆ ಓದಿ ಬಂದು ಆಡಿ. ಮುಖಪುಟ ನೋಡಿ ನಗಬೇಡಿ.

ಅಂದು ನಕ್ಕವರಲ್ಲಿ ನಮ್ಮ ನಾದಿನಿ ಮಗಳೂ ಇದ್ದಳು, ಪಿಯುಸಿ ಓದ್ತಾಳೆ. ಬಸ್ ಸ್ಟ್ಯಾಂಡಿನ ತನಕ ಬಂದು ಮೆಲ್ಲಗೆ "ಅತ್ತೆ, ಆ ಪುಸ್ತಕ ಓದಿ ಕೊಡ್ಲಾ?" ಅಂದಳು. ಅಲ್ಲೇ ಕೊಟ್ಟೆ. ನನಗಿನ್ನೂ ನಲವತ್ತು ಪುಟ ಬಾಕಿ ಇತ್ತು, ಫೋನ್ ಮಾಡಿದಾಗ ಕೊನೆ ಹೇಳಬೇಡ ಅಂದಿದ್ದೀನಿ.