ಮೆಕೇನ್ ಮಾಡಿದ ಆಯ್ಕೆ

2008ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಮತದಾರರಿಂದ ಮುಖ್ಯವಾಗಿ ಬಯಸಿದ್ದು ತಮ್ಮ ವ್ಯಕ್ತಿತ್ವದ ಮೇಲಿನ ವಿಶ್ವಾಸವನ್ನು. ಹಾಗೆ ಬಯಸುವ ಹಕ್ಕು ಅವರಿಗಿತ್ತೆಂಬುದನ್ನು ಮೊದಲಿಗೇ ಒಪ್ಪಬೇಕು. 1967ರಲ್ಲಿ ಹನಾಯ್ ನಗರದ ಮೇಲೆ ವಿಮಾನ ಉರುಳಿ ಸೆರೆಸಿಕ್ಕ ಈ ನೌಕಾಪಡೆಯ ಅಧಿಕಾರಿ, ಅಡ್ಮಿರಲ್ ಒಬ್ಬರ ಮಗನೆಂಬ ಕಾರಣಕ್ಕೆ ತಮಗೆ ದೊರೆಯುತ್ತಿದ್ದ ಬಿಡುಗಡೆಯನ್ನು, ತಮಗಿಂತ ಮುಂಚೆ ಸೆರೆಯಾದವರು ಇನ್ನೂ ಒಳಗಿದ್ದಾರೆಂದು ನಿರಾಕರಿಸಿ, ಐದೂವರೆ ವರ್ಷ ಬಂದಿಯಾಗಿಯೇ ಉಳಿದರು. ಸೆನೆಟ್ ಪ್ರವೇಶಿಸಿದ ಮೇಲೆ, ಚುನಾವಣೆಯ ಹಣಕ್ಕೆ ಕಡಿವಾಣ ಹಾಕುವ 2002ರ ಕಾಯ್ದೆಗಾಗಿ ಎದುರು ಪಕ್ಷದ ಸದಸ್ಯರೊಡನೆ ಕೈಜೋಡಿಸಿ ಸ್ವಪಕ್ಷೀಯರ ಮುನಿಸು ಕಟ್ಟಿಕೊಂಡರು. 2005ರಲ್ಲಿ, ಬಂದಿಗಳ ಮೇಲಿನ ಚಿತ್ರಹಿಂಸೆಯನ್ನು ನಿಷೇಧಿಸಬೇಕೆಂದು ತಮ್ಮದೇ ಪಕ್ಷದ ಅಧ್ಯಕ್ಷರ ಸರ್ಕಾರಕ್ಕೆ ಎದುರು ನಿಂತರು. ‘ದೇಶ ಮೊದಲು’ ಎಂಬ ಘೋಷಣೆಯನ್ನು ಬೇರೊಬ್ಬ ರಾಜಕಾರಣಿ ವೇದಿಕೆಯ ಹಿಂದೆ ಬರೆಸಿಕೊಂಡಿದ್ದರೆ ಅದು ಕೇವಲ ಅಲಂಕಾರವಾಗುತ್ತಿತ್ತು. ಮೆಕೇನ್ ಅವರ ವಿಷಯದಲ್ಲಿ ಅದಕ್ಕೆ ಪೂರ್ವಚರಿತ್ರೆಯ ಆಧಾರವಿತ್ತು.

ಆ ಆಧಾರವನ್ನು ಅವರು ತಮ್ಮ ಕೈಯಾರೆ ಸಡಿಲಿಸಿದ್ದು 2008ರ ಆಗಸ್ಟ್ 29ರಂದು, ಓಹಿಯೊ ರಾಜ್ಯದ ಡೇಟನ್ ನಗರದಲ್ಲಿ. ಅಂದು ಅವರಿಗೆ 72 ವರ್ಷ ತುಂಬಿತು. ಅಲಾಸ್ಕದ ರಾಜ್ಯಪಾಲೆ ಸಾರಾ ಪಾಲಿನ್ ಅವರನ್ನು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯೆಂದು ಜಗತ್ತಿಗೆ ಪರಿಚಯಿಸಿದ್ದೂ ಅಂದೇ. ಅಲ್ಲಿಂದ ಮತದಾನದವರೆಗಿನ ಎರಡು ತಿಂಗಳ ಸಂಗತಿಗಳನ್ನು ಒಟ್ಟಾಗಿ ಪರಿಶೀಲಿಸಿದರೆ, ಆ ಒಂದು ಆಯ್ಕೆ ಅಭ್ಯರ್ಥಿಯ ವಿವೇಚನೆಯ ಕುರಿತು ಅವರ ಎಲ್ಲ ಭಾಷಣಗಳಿಗಿಂತ ಹೆಚ್ಚನ್ನು ತಿಳಿಸಿದೆ ಎಂಬ ನಿರ್ಣಯಕ್ಕೆ ಬರದೆ ಗತ್ಯಂತರವಿಲ್ಲ.

ಉಪಾಧ್ಯಕ್ಷ ಪದವಿಯನ್ನು ಭಾರತೀಯ ಓದುಗರು ನಮ್ಮ ಉಪರಾಷ್ಟ್ರಪತಿ ಪದವಿಯ ಅಳತೆಯಿಂದ ನೋಡುವುದು ಸಹಜ. ಆದರೆ ಎರಡರ ನಡುವಿನ ಅಂತರ ದೊಡ್ಡದು. ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿ ಸ್ಥಾನ ತೆರವಾದರೆ ಉಪರಾಷ್ಟ್ರಪತಿ ಹಂಗಾಮಿಯಾಗಿ ಕಾರ್ಯನಿರ್ವಹಿಸುತ್ತಾರೆ, ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಲೇಬೇಕು. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಆ ಹೊಣೆಯನ್ನು ಹೊತ್ತು, ಜುಲೈ ತಿಂಗಳಲ್ಲಿ ನೀಲಂ ಸಂಜೀವ ರೆಡ್ಡಿಯವರಿಗೆ ಒಪ್ಪಿಸಿದರು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಪಳಗಿದ್ದ ಅವರಿಗೂ ಆ ಕೆಲವೇ ತಿಂಗಳುಗಳಲ್ಲಿ, ಒಂಬತ್ತು ರಾಜ್ಯಗಳ ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಬೇಕಾದ ಇಕ್ಕಟ್ಟು ಎದುರಾಯಿತು. ಅವರು ಕ್ಷಣಕಾಲ ತಡೆದದ್ದೇ ದೇಶದ ರಾಜಕಾರಣವನ್ನು ಅಲುಗಿಸಿತು. ಮಂತ್ರಿಮಂಡಲದ ಸಲಹೆಗೆ ಬದ್ಧವಾದ, ಆರು ತಿಂಗಳ ಮಿತಿಯುಳ್ಳ ಹೊಣೆಯೇ ಇಷ್ಟು ಭಾರವಾದೀತೆಂದರೆ, ಅಂಥ ಯಾವ ಮಿತಿಯೂ ಇಲ್ಲದ ಅಮೆರಿಕದ ವ್ಯವಸ್ಥೆಯಲ್ಲಿ ಅದು ಎಷ್ಟಾದೀತು? ಅಲ್ಲಿ ಅಧ್ಯಕ್ಷ ಸ್ಥಾನ ತೆರವಾದ ಕ್ಷಣವೇ ಉಪಾಧ್ಯಕ್ಷರು ಪೂರ್ಣಾಧಿಕಾರದ ಅಧ್ಯಕ್ಷರಾಗುತ್ತಾರೆ. ಉಳಿದ ಅವಧಿ ನಾಲ್ಕು ವಾರವೇ ಇರಲಿ, ನಾಲ್ಕು ವರ್ಷವೇ ಇರಲಿ, ಸೈನ್ಯ, ಅಣ್ವಸ್ತ್ರ, ವಿದೇಶಾಂಗ ನೀತಿ ಎಲ್ಲವೂ ಅವರ ಕೈಗೆ.

ಇದು ಪುಸ್ತಕದಲ್ಲಿ ಉಳಿದ ಸಾಧ್ಯತೆಯಲ್ಲ. 2008ರವರೆಗೆ ಅಧ್ಯಕ್ಷರಾಗಿದ್ದ 42 ಮಂದಿಯ ಪೈಕಿ ಎಂಟು ಮಂದಿ ಅಧಿಕಾರದಲ್ಲಿರುವಾಗಲೇ ಸತ್ತಿದ್ದರು, ಒಬ್ಬರು ರಾಜೀನಾಮೆ ನೀಡಿದ್ದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ತೀರಿಕೊಂಡಾಗ ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿ 82 ದಿನಗಳಷ್ಟೇ ಕಳೆದಿದ್ದವು. ತಮ್ಮ ದೇಶ ಪರಮಾಣು ಬಾಂಬನ್ನು ಸಿದ್ಧಪಡಿಸುತ್ತಿದೆ ಎಂಬುದರ ವಿವರ ಅವರಿಗೆ ತಿಳಿದದ್ದು ಪ್ರಮಾಣವಚನದ ನಂತರ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಹಿರೋಷಿಮಾ, ನಾಗಸಾಕಿಗಳ ವಿಷಯದಲ್ಲಿ ನಿರ್ಧಾರ ಮಾಡಿದ್ದು ಅದೇ ಮನುಷ್ಯ. ಟ್ರೂಮನ್ ಕೂಡ ಒಂದು ಕಾಲಕ್ಕೆ ಬಟ್ಟೆಯಂಗಡಿ ಇಟ್ಟು ಸೋತವರೇ ಅಲ್ಲವೇ ಎಂದು ಪಾಲಿನ್ ಅವರ ಸಮರ್ಥಕರು ಕೇಳುತ್ತಿದ್ದರು. ಹೌದು, ಆದರೆ ಅಂಗಡಿಗೂ ಉಪಾಧ್ಯಕ್ಷ ಪದವಿಗೂ ನಡುವೆ ಅವರು ಹತ್ತು ವರ್ಷ ಸೆನೆಟ್ ಸದಸ್ಯರಾಗಿದ್ದರು, ಯುದ್ಧಕಾಲದ ವೆಚ್ಚದ ಅವ್ಯವಹಾರಗಳನ್ನು ಬಯಲಿಗೆಳೆದ ಸಮಿತಿಯ ನೇತೃತ್ವ ವಹಿಸಿದ್ದರು.

ಮೆಕೇನ್ ಅವರ ವಯಸ್ಸನ್ನು ಆಡಿಕೊಳ್ಳುವುದು ಅಸಭ್ಯ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅವಿವೇಕ. ಗೆದ್ದಿದ್ದರೆ ಅವರು, ಅಲ್ಲಿಯವರೆಗೆ ಮೊದಲ ಅವಧಿಗೆ ಅಧಿಕಾರ ಸ್ವೀಕರಿಸಿದ ಅಧ್ಯಕ್ಷರಲ್ಲೆಲ್ಲ ಹಿರಿಯರಾಗುತ್ತಿದ್ದರು. ಮೆಲನೋಮ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್‌ಗೆ ನಾಲ್ಕು ಬಾರಿ ಚಿಕಿತ್ಸೆ ಪಡೆದಿದ್ದರು. 2008ರ ಮೇ ತಿಂಗಳಲ್ಲಿ ಅವರ ಸಾವಿರಕ್ಕೂ ಹೆಚ್ಚು ಪುಟಗಳ ವೈದ್ಯಕೀಯ ದಾಖಲೆಗಳನ್ನು ಆಯ್ದ ಕೆಲವು ಪತ್ರಕರ್ತರಿಗೆ ಮೂರು ಗಂಟೆ ಕಾಲ ನೋಡಲು ಕೊಟ್ಟು, ಪ್ರತಿ ತೆಗೆದುಕೊಳ್ಳಲು ಬಿಡದೆ ಹಿಂಪಡೆಯಲಾಯಿತು. ವೈದ್ಯರು ಭರವಸೆಯ ಮಾತನ್ನೇ ಆಡಿದ್ದರು. ಆದರೂ ಆ ಸ್ಥಿತಿಯಲ್ಲಿದ್ದ ಅಭ್ಯರ್ಥಿಗೆ ಉತ್ತರಾಧಿಕಾರಿಯ ಆಯ್ಕೆ ಬೇರೆ ಯಾರಿಗಿಂತಲೂ ಗಂಭೀರವಾದ ಕರ್ತವ್ಯವಾಗಬೇಕಿತ್ತು.

ಆ ಕರ್ತವ್ಯವನ್ನು ಅವರು ನಿರ್ವಹಿಸಿದ ಬಗೆ ಈಗ ಬಹುಮಟ್ಟಿಗೆ ಬಹಿರಂಗವಾಗಿದೆ. ಪಾಲಿನ್ ಅವರನ್ನು ಮೆಕೇನ್ ಅದಕ್ಕೆ ಮುಂಚೆ ಭೇಟಿಯಾಗಿದ್ದುದು ಒಮ್ಮೆ, ಫೆಬ್ರುವರಿಯಲ್ಲಿ ರಾಜ್ಯಪಾಲರ ಸಮ್ಮೇಳನದಲ್ಲಿ. ನಂತರ ಒಂದು ದೂರವಾಣಿ ಸಂಭಾಷಣೆ. ಆಮೇಲೆ ಘೋಷಣೆಯ ಹಿಂದಿನ ದಿನ ಅರಿಜೋನದ ತಮ್ಮ ಮನೆಯಲ್ಲಿ ಮಾತುಕತೆ, ಅಲ್ಲಿಯೇ ಆಹ್ವಾನ. ಆದರೆ ಮೊದಲಿಗೆ ಮೆಕೇನ್ ಅವರ ಮನಸ್ಸಿನಲ್ಲಿದ್ದವರು ಸೆನೆಟರ್ ಜೋ ಲೀಬರ್‌ಮನ್. 2000ದಲ್ಲಿ ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ, ಆಗ ಸ್ವತಂತ್ರ ಸದಸ್ಯರಾಗಿದ್ದ ದೀರ್ಘಕಾಲದ ಮಿತ್ರ. ಗರ್ಭಪಾತದ ಹಕ್ಕಿನ ಪರವಾಗಿದ್ದ ಅವರನ್ನು ನಿಲ್ಲಿಸಿದರೆ ಪಕ್ಷದ ಧಾರ್ಮಿಕ ಬಲಪಂಥ ಸಮಾವೇಶದಲ್ಲೇ ಸಿಡಿದೇಳುತ್ತದೆಂದು ಸಲಹೆಗಾರರು ಎಚ್ಚರಿಸಿದರು, ಅಭ್ಯರ್ಥಿ ಮಣಿದರು. ಪಕ್ಷವನ್ನು ಎದುರು ಹಾಕಿಕೊಂಡೇ ಹೆಸರು ಗಳಿಸಿದ ಒಬ್ಬ ನಾಯಕ, ತಾನು ಎದುರಿಸಬೇಕಾದ ಅತಿ ಮುಖ್ಯ ಸಂದರ್ಭದಲ್ಲಿ ಪಕ್ಷಕ್ಕೆ ಶರಣಾದದ್ದು ಒಂದು ವಿಷಾದ. ಶರಣಾದ ಮೇಲಾದರೂ ಅನುಭವಿಗಳಾದ ಬೇರೆ ರಾಜ್ಯಪಾಲರೂ ಸೆನೆಟರ್‌ಗಳೂ ಇರುವಾಗ, ಸುದ್ದಿಯ ಗಾಳಿಯನ್ನು ಒಂದು ವಾರ ತನ್ನತ್ತ ತಿರುಗಿಸಬಲ್ಲ ಹೆಸರಿಗಾಗಿ ಅರಸಿದ್ದು ಅದಕ್ಕಿಂತ ಹಿರಿದಾದ ತಪ್ಪು.

ಅವಸರದ ಆಯ್ಕೆಗೆ ತೆರಬೇಕಾದ ಬೆಲೆ ಅಮೆರಿಕಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ತರಾತುರಿಯಲ್ಲಿ ಆರಿಸಿದ ಥಾಮಸ್ ಈಗಲ್‌ಟನ್ ಮಾನಸಿಕ ಖಿನ್ನತೆಗೆ ವಿದ್ಯುದಾಘಾತ ಚಿಕಿತ್ಸೆ ಪಡೆದಿದ್ದರೆಂಬುದು ಆಮೇಲೆ ತಿಳಿದು, ಹದಿನೆಂಟೇ ದಿನಗಳಲ್ಲಿ ಅವರು ಹಿಂದೆ ಸರಿಯಬೇಕಾಯಿತು. ಸಹ-ಅಭ್ಯರ್ಥಿಯ ಹಿಂದೆ ಪೂರ್ಣವಾಗಿ ನಿಂತಿದ್ದೇನೆಂದು ಘೋಷಿಸಿ ಆಮೇಲೆ ಕೈಬಿಟ್ಟ ಮೆಕ್‌ಗವರ್ನ್, ಆ ಚುನಾವಣೆಯಲ್ಲಿ ಒಂದು ರಾಜ್ಯವನ್ನೂ ರಾಜಧಾನಿಯನ್ನೂ ಬಿಟ್ಟರೆ ಏನನ್ನೂ ಗೆಲ್ಲಲಿಲ್ಲ. ಮರುವರ್ಷ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಭ್ರಷ್ಟಾಚಾರದ ಆರೋಪದಲ್ಲಿ ರಾಜೀನಾಮೆ ನೀಡಿದಾಗ ನಡೆದದ್ದನ್ನು ಇಲ್ಲಿ ಹೋಲಿಸಿ ನೋಡಬೇಕು. ಖಾಲಿಯಾದ ಆ ಸ್ಥಾನಕ್ಕೆ ಜೆರಾಲ್ಡ್ ಫೋರ್ಡ್ ಅವರನ್ನು ನೇಮಿಸಲು, ಸಂವಿಧಾನದ 25ನೇ ತಿದ್ದುಪಡಿಯ ಪ್ರಕಾರ, ಸಂಸತ್ತಿನ ಎರಡೂ ಸದನಗಳು ವಿಚಾರಣೆ ನಡೆಸಿ ಬಹುಮತದಿಂದ ಅನುಮೋದಿಸಬೇಕಾಯಿತು. ಚುನಾವಣೆಯ ಮೂಲಕ ಬರುವ ಉಪಾಧ್ಯಕ್ಷರಿಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. ಮತದಾರ ಇಬ್ಬರಿಗೂ ಸೇರಿ ಒಂದೇ ಮತ ಹಾಕುತ್ತಾನೆ; ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ತಿರಸ್ಕರಿಸುವ ಅವಕಾಶ ಅವನಿಗಿಲ್ಲ. ಆದುದರಿಂದ ಎರಡು ಸದನಗಳು ಮಾಡಬೇಕಾದ ವಿಚಾರಣೆಯನ್ನು ಅಧ್ಯಕ್ಷೀಯ ಅಭ್ಯರ್ಥಿ ಒಬ್ಬನೇ, ತನ್ನ ಆತ್ಮಸಾಕ್ಷಿಯೆದುರು, ದೇಶದ ಪರವಾಗಿ ಮಾಡುತ್ತಾನೆಂಬ ನಂಬಿಕೆಯ ಮೇಲೆ ಆ ವ್ಯವಸ್ಥೆ ನಿಂತಿದೆ. ಮೆಕೇನ್ ಆ ನಂಬಿಕೆಗೆ ದ್ರೋಹ ಬಗೆದರು ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಇದು.

ಪಾಲಿನ್ ಅವರಿಗೆ ಅನ್ಯಾಯವಾಗಬಾರದು. ಆಗ ಐದೂವರೆ ಸಾವಿರ ಜನರಿದ್ದ ವಾಸಿಲ ಪಟ್ಟಣದಲ್ಲಿ ಮೇಯರ್ ಆಗಿದ್ದುದು ಅವಮಾನದ ಸಂಗತಿಯಲ್ಲ. 2006ರಲ್ಲಿ ತಮ್ಮದೇ ಪಕ್ಷದ ಅಧಿಕಾರಾರೂಢ ರಾಜ್ಯಪಾಲರನ್ನು ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿದ್ದು ಸಣ್ಣ ಧೈರ್ಯವೂ ಅಲ್ಲ. ಅವರ ಉಡುಪು, ಉಚ್ಚಾರ, ಮಕ್ಕಳು, ಮಗಳ ಬಸಿರು ಇವನ್ನೆಲ್ಲ ಚರ್ಚೆಗೆಳೆದ ಅಲ್ಲಿನ ಕೆಲವು ಮಾಧ್ಯಮಗಳ ನಡತೆ ಹೇಯವಾದುದು. ಆದರೆ ಆಗ ಏಳು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯಿದ್ದ ರಾಜ್ಯವನ್ನು ಅದುವರೆಗೆ ಎರಡು ವರ್ಷವೂ ತುಂಬದಷ್ಟು ಕಾಲ ಆಳಿದ್ದ ಅವರು, ರಾಷ್ಟ್ರದ ಪ್ರಶ್ನೆಗಳನ್ನು ಕುರಿತು ಯೋಚಿಸಿದ್ದಾರೆಂಬುದಕ್ಕೆ ಪುರಾವೆ ಆ ಎರಡು ತಿಂಗಳಲ್ಲಿ ಸಿಗಲಿಲ್ಲ. ರಷ್ಯಾ ತಮ್ಮ ರಾಜ್ಯಕ್ಕೆ ಹತ್ತಿರವಿದೆ ಎಂಬುದನ್ನೇ ವಿದೇಶಾಂಗ ವ್ಯವಹಾರದ ಅರ್ಹತೆಯಾಗಿ ಮುಂದಿಟ್ಟರು. ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ, ಗರ್ಭಪಾತ ಕುರಿತಾದುದನ್ನು ಬಿಟ್ಟು, ತಾವು ಒಪ್ಪದ ಇನ್ನೊಂದನ್ನು ಹೆಸರಿಸಲು ಅವರಿಂದಾಗಲಿಲ್ಲ. ತಾವು ಓದುವ ಒಂದು ಪತ್ರಿಕೆಯ ಹೆಸರನ್ನೂ ಹೇಳಲಿಲ್ಲ. ಕೆಚಿಕನ್ ಬಳಿಯ ದುಬಾರಿ ಸೇತುವೆಯನ್ನು ತಾವು ತಿರಸ್ಕರಿಸಿದೆವೆಂದು ಊರೂರಲ್ಲಿ ಹೇಳಿಕೊಂಡರು, 2006ರ ಪ್ರಚಾರದಲ್ಲಿ ಅದನ್ನು ಬೆಂಬಲಿಸಿದ್ದು ದಾಖಲೆಯಲ್ಲಿದೆ. ತಮ್ಮ ಸೋದರಿಯ ಮಾಜಿ ಪತಿಯಾದ ಪೊಲೀಸ್ ಸಿಬ್ಬಂದಿಯ ಪ್ರಕರಣದಲ್ಲಿ ಅಲಾಸ್ಕ ಶಾಸನಸಭೆಯ ತನಿಖಾಧಿಕಾರಿ ಅಕ್ಟೋಬರ್ 10ರಂದು ನೀಡಿದ ವರದಿ, ರಾಜ್ಯದ ಸಾರ್ವಜನಿಕ ಸುರಕ್ಷತಾ ಆಯುಕ್ತರನ್ನು ವಜಾ ಮಾಡಿದ್ದು ಪಾಲಿನ್ ಅವರ ಅಧಿಕಾರವ್ಯಾಪ್ತಿಯಲ್ಲೇ ಇತ್ತೆಂದರೂ, ಅಧಿಕಾರ ದುರ್ಬಳಕೆಯಾಗಿದೆ ಎಂದಿತು. ಅದೇ ವಿಷಯದ ಇನ್ನೊಂದು ವಿಚಾರಣೆ ಆಗ ಬಾಕಿಯಿದ್ದುದರಿಂದ ಆ ವರದಿಯ ಮೇಲೆ ನಾವು ನಮ್ಮ ತೀರ್ಪನ್ನು ನಿಲ್ಲಿಸುವುದಿಲ್ಲ. ಕೇಳಬೇಕಾದದ್ದು ಇಷ್ಟು: ಆ ತನಿಖೆಗೆ ಶಾಸನಸಭೆಯ ಸಮಿತಿ ಒಪ್ಪಿಗೆ ಕೊಟ್ಟದ್ದು ಜುಲೈನಲ್ಲಿ, ಆಯ್ಕೆಗೆ ಒಂದು ತಿಂಗಳು ಮುಂಚೆ. ಅದರ ಫಲಿತಾಂಶಕ್ಕೆ ಕಾಯುವ ವ್ಯವಧಾನವನ್ನು ಮೆಕೇನ್ ಏಕೆ ತೋರಲಿಲ್ಲ?

ಎದುರಾಳಿಯಾದ ಡೆಮಾಕ್ರಟಿಕ್ ಅಭ್ಯರ್ಥಿ ಬರಾಕ್ ಒಬಾಮ ಅವರಿಗೆ ಅನುಭವವಿತ್ತೇ ಎಂಬ ಮರುಪ್ರಶ್ನೆ ನ್ಯಾಯವಾದದ್ದೇ. ಸೆನೆಟ್‌ನಲ್ಲಿ ಆಗಿನ್ನೂ ನಾಲ್ಕು ವರ್ಷ ಪೂರೈಸದಿದ್ದ ಅವರ ಆರ್ಥಿಕ ಯೋಜನೆಗಳಲ್ಲೂ ವಿದೇಶಾಂಗ ನಿಲುವುಗಳಲ್ಲೂ ಉತ್ತರ ಸಿಗದ ಪ್ರಶ್ನೆಗಳಿದ್ದವು. ಆದರೂ ಜನವರಿಯಿಂದ ಜೂನ್‌ವರೆಗೆ ಹಿಲರಿ ಕ್ಲಿಂಟನ್ ಅವರಂಥ ಎದುರಾಳಿಯೊಡನೆ ರಾಜ್ಯದಿಂದ ರಾಜ್ಯಕ್ಕೆ ಸೆಣಸಿ, ಕೋಟ್ಯಂತರ ಮತದಾರರ ಮುಂದೆ ಅವರು ಪರೀಕ್ಷೆಗೊಳಗಾಗಿದ್ದರು. ತಮಗಿರುವ ಕೊರತೆಯನ್ನು ಅರಿತೇ, 1973ರಿಂದ ಸೆನೆಟ್‌ನಲ್ಲಿದ್ದ, ಆಗ ಅದರ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರನ್ನು ಜೊತೆಗೆ ತೆಗೆದುಕೊಂಡರು. ಮೆಕೇನ್ ಆದರೋ, ಎದುರಾಳಿಯ ಅನನುಭವವನ್ನು ಬೇಸಿಗೆಯುದ್ದಕ್ಕೂ ದೂಷಿಸಿ, ಆ ದೂಷಣೆಯನ್ನು ಒಂದು ಬೆಳಿಗ್ಗೆ ತಾವೇ ನಿರರ್ಥಕಗೊಳಿಸಿದರು.

ಆಗಸ್ಟಿನ ಈ ದುಡುಕು ಒಂಟಿ ಪ್ರಸಂಗವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾದ ಸೆಪ್ಟೆಂಬರ್ 15ರಂದೇ, ಮೆಕೇನ್ ಅರ್ಥವ್ಯವಸ್ಥೆಯ ಬುನಾದಿ ಗಟ್ಟಿಯಾಗಿದೆ ಎಂದರು. ಒಂಬತ್ತು ದಿನಗಳ ನಂತರ ಪರಿಸ್ಥಿತಿ ಎಷ್ಟು ಘೋರವೆಂದರೆ ಪ್ರಚಾರವನ್ನೇ ನಿಲ್ಲಿಸುತ್ತೇನೆ, ಒಬಾಮ ಜೊತೆಗಿನ ಚರ್ಚೆಯನ್ನು ಮುಂದೂಡಿ ಎಂದರು. ಎರಡು ದಿನಗಳಲ್ಲಿ ಚರ್ಚೆಗೆ ಹಾಜರಾದರು. ವಾಷಿಂಗ್ಟನ್‌ಗೆ ಧಾವಿಸಿದ್ದರಿಂದ ಆದ ಪ್ರಯೋಜನವೇನೆಂಬುದಕ್ಕೆ, 70,000 ಕೋಟಿ ಡಾಲರ್‌ಗಳ ಪರಿಹಾರ ಮಸೂದೆಯನ್ನು ಸೆಪ್ಟೆಂಬರ್ 29ರಂದು ಪ್ರತಿನಿಧಿ ಸಭೆಯಲ್ಲಿ ಅವರದೇ ಪಕ್ಷದ ಬಹುಪಾಲು ಸದಸ್ಯರು ವಿರೋಧಿಸಿ ಸೋಲಿಸಿದ್ದೇ ಉತ್ತರ. ವಾಲ್ ಸ್ಟ್ರೀಟ್‌ನ ಬ್ಯಾಂಕುಗಳ ಲೆಕ್ಕಪತ್ರಗಳನ್ನು ಇರುಳಿಡೀ ನೋಡಿಕೊಳ್ಳುವ ಯುವಕ ಯುವತಿಯರಿಂದ ತುಂಬಿರುವ ಬೆಂಗಳೂರಿಗೆ, ಶ್ವೇತಭವನದಲ್ಲಿ ಕುಳಿತವರು ಬಿಕ್ಕಟ್ಟಿನ ಹೊತ್ತಿನಲ್ಲಿ ಹೇಗೆ ಯೋಚಿಸುತ್ತಾರೆಂಬುದು ದೂರದ ಕುತೂಹಲವಾಗಿ ಉಳಿದಿಲ್ಲ.

ಹಳೆಯ ಮೆಕೇನ್ ಪೂರ್ತಿ ಮರೆಯಾಗಿರಲಿಲ್ಲ. ಮಿನೆಸೋಟದ ಸಭೆಯೊಂದರಲ್ಲಿ ಮಹಿಳೆಯೊಬ್ಬರು ಒಬಾಮ ಅವರನ್ನು ಅರಬ್ಬನೆಂದು ಶಂಕಿಸಿದಾಗ, ಮೈಕನ್ನು ಹಿಂಪಡೆದು, ಆತ ಸಂಭಾವಿತ ಗೃಹಸ್ಥರೆಂದು ಸ್ವಂತ ಬೆಂಬಲಿಗರ ಎದುರು ಹೇಳಿದವರು ಅವರೇ. ಆದರೆ ಆ ಗುಂಪುಗಳಲ್ಲಿ ಅಂಥ ಶಂಕೆಗೆ ಗಾಳಿ ಹಾಕಿದ್ದು, ಒಬಾಮ ಭಯೋತ್ಪಾದಕರ ಒಡನಾಡಿಯೆಂದು ಅದಕ್ಕೆ ಕೆಲವೇ ದಿನ ಮುಂಚೆ ಸಾರಿದ ಅವರದೇ ಸಹ-ಅಭ್ಯರ್ಥಿ. ಬುಷ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದ, ಮೆಕೇನ್ ಅವರ ಬಹುಕಾಲದ ಮಿತ್ರರೂ ಆದ ಕಾಲಿನ್ ಪೊವೆಲ್, ಅಕ್ಟೋಬರ್ 19ರಂದು ಒಬಾಮ ಅವರಿಗೆ ಬೆಂಬಲ ಘೋಷಿಸುತ್ತ, ಅಧ್ಯಕ್ಷ ಪದವಿಗೆ ಪಾಲಿನ್ ಸಿದ್ಧರಿದ್ದಾರೆಂದು ತಮಗೆ ಅನಿಸುವುದಿಲ್ಲವೆಂದೂ, ಈ ಆಯ್ಕೆ ಮೆಕೇನ್ ಅವರ ವಿವೇಚನೆಯ ಬಗೆಗೇ ಪ್ರಶ್ನೆಯೆಬ್ಬಿಸಿದೆಯೆಂದೂ ಹೇಳಿದರು. ಆಪ್ತರೇ ಬಾಯಿಬಿಟ್ಟು ಹೇಳಿದ ಮೇಲೆ ಹೊರಗಿನವರು ಮುಚ್ಚಿಟ್ಟುಕೊಳ್ಳುವುದೇನಿದೆ?

ಪಾಲಿನ್ ತಮಗೆ ಬಂದ ಆಹ್ವಾನವನ್ನು ಒಪ್ಪಿಕೊಂಡರಷ್ಟೇ, ಆಹ್ವಾನಿಸಿದವರು ಮೆಕೇನ್. ಸಲಹೆಗಾರರ ಒತ್ತಡ, ಪಕ್ಷದ ಬೆದರಿಕೆ, ಸಮಯದ ಅಭಾವ ಇವು ಯಾವುವೂ ಆ ಹೊಣೆಯನ್ನು ಅವರ ಹೆಗಲಿನಿಂದ ಇಳಿಸಲಾರವು. ತಮ್ಮ ಗೆಲುವಿನ ಸಾಧ್ಯತೆಯನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ, ತಾವಿಲ್ಲದ ದಿನ ದೇಶ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯನ್ನು ಅವರು ಬದಿಗಿಟ್ಟರು. ದೇಶಕ್ಕೆ ಅವರು ಹಿಂದೆ ಸಲ್ಲಿಸಿದ ಸೇವೆ ಗೌರವಾರ್ಹ. ಅಧ್ಯಕ್ಷ ಪದವಿಗೆ ಬೇಕಾದ ಸಾರ್ವಜನಿಕ ವಿಶ್ವಾಸಕ್ಕೆ ಅವರು ಅಂದು ಅರ್ಹರಾಗಿ ಉಳಿಯಲಿಲ್ಲ.