ಯು.ಎಸ್.ಬಿ. ಬಾಗಿಲಿಗೆ ಅಗುಳಿ ಬೇಡವೆ?

ಗಣಕಯಂತ್ರದ ಬದಿಯಲ್ಲಿರುವ ಆ ಚಿಕ್ಕ ಕಿಂಡಿಯನ್ನು ಕಾಣದವರು ಇಂದು ವಿರಳ. ಕೀಲಿಮಣೆಯಾಗಲಿ, ಮುದ್ರಣಯಂತ್ರವಾಗಲಿ, ಪೆನ್ ಡ್ರೈವ್ ಆಗಲಿ, ಅದರಲ್ಲಿ ಸಿಕ್ಕಿಸಿದೊಡನೆಯೇ ಕೆಲಸಕ್ಕೆ ತೊಡಗುತ್ತದೆ. 1996ರಲ್ಲಿ ಯು.ಎಸ್.ಬಿ.ಯ ಮೊದಲ ಆವೃತ್ತಿ ಹೊರಬಿದ್ದಾಗ ಅದರ ನಿರ್ಮಾತೃಗಳ ಉದ್ದೇಶವೂ ಇದೇ ಆಗಿದ್ದಿತು. ಅವರಲ್ಲಿ ಪ್ರಮುಖರಾದ ಇಂಟೆಲ್ ಸಂಸ್ಥೆಯ ಅಜಯ್ ಭಟ್ಟರು ಬರೋಡದಲ್ಲಿ ವ್ಯಾಸಂಗ ಮಾಡಿದವರು. ಒಂದೊಂದು ಉಪಕರಣಕ್ಕೆ ಒಂದೊಂದು ಬಗೆಯ ಕಿಂಡಿಯೆಂಬ ಹಿಂದಿನ ತೊಡಕು ತಪ್ಪಿ, ಒಂದೇ ನಿಯಂತ್ರಕಕ್ಕೆ 127 ಉಪಕರಣಗಳವರೆಗೆ ಜೋಡಿಸಲು ಸಾಧ್ಯವಾಯಿತು. ಈ ಸೌಕರ್ಯವನ್ನು ಹಳಿಯುವುದು ನನ್ನ ಇಂಗಿತವಲ್ಲ. ಒಳಗೆ ಬಂದ ಉಪಕರಣಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂದು ವಿಚಾರಿಸುವವರು ಮಾತ್ರ ಕಡಮೆ.

ಒಪ್ಪಿಗೆ ಕೊಡುವುದು ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಾದ ಕರ್ನೆಲ್. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ಲನ್ನು ಯಾರು ಬೇಕಾದರೂ ತಾವೇ ಕಟ್ಟಿಕೊಳ್ಳಬಹುದು. ಕಟ್ಟುವ ಮುನ್ನ ಅದು ಸಾವಿರಾರು ಪ್ರಶ್ನೆಗಳನ್ನು ಮುಂದಿಡುತ್ತದೆ. ಬಹುಪಾಲು ಪ್ರಶ್ನೆಗಳಿಗೆ ಮೂರು ಬಗೆಯ ಉತ್ತರಗಳುಂಟು: ‘ಹೌದು’ ಎಂದರೆ ಆ ಸಾಮರ್ಥ್ಯ ಕರ್ನೆಲ್ಲಿನೊಳಗೇ ಬೆರೆತುಹೋಗುತ್ತದೆ, ‘ಮಾಡ್ಯೂಲ್’ ಎಂದರೆ ಡಿಸ್ಕಿನಲ್ಲಿ ಬೇರೆಯಾಗಿ ಉಳಿದು, ಬೇಕಾದಾಗ ಬಂದು ಸೇರುತ್ತದೆ, ‘ಇಲ್ಲ’ ಎಂದರೆ ಅದರ ಸುಳಿವೇ ಇರುವುದಿಲ್ಲ.

ಯು.ಎಸ್.ಬಿ. ವಿಭಾಗದಲ್ಲಿ ಮೊದಲು ಬರುವುವು ನಿಯಂತ್ರಕಗಳು. ಮೊದಲ ತಲೆಮಾರಿಗೆ ಯು.ಎಚ್.ಸಿ.ಐ. ಮತ್ತು ಓ.ಎಚ್.ಸಿ.ಐ. ಎಂಬ ಎರಡು ಪ್ರತಿಸ್ಪರ್ಧಿ ವಿನ್ಯಾಸಗಳು. ಸೆಕೆಂಡಿಗೆ 480 ಮೆಗಾಬಿಟ್ ವೇಗದ ಎರಡನೆಯ ತಲೆಮಾರಿಗೆ ಇ.ಎಚ್.ಸಿ.ಐ.; 2008ರ ಮೂರನೆಯ ತಲೆಮಾರಿಗೆ ಎಕ್ಸ್.ಎಚ್.ಸಿ.ಐ. ಈ ಕಡೆಯದು ಹಳೆಯ ಉಪಕರಣಗಳನ್ನೂ ತಾನೇ ನೋಡಿಕೊಳ್ಳುವುದರಿಂದ ಅದೊಂದನ್ನೇ ಹೊಂದಿರುವ ಹೊಸ ಯಂತ್ರಗಳಿಗೆ ಉಳಿದ ಮೂರು ಅನಾವಶ್ಯಕ. ಅನಂತರ ಸಂಗ್ರಹ, ಕೀಲಿಮಣೆ, ಧ್ವನಿ ಮುಂತಾದ ಉಪಕರಣ ವರ್ಗಗಳ ಉದ್ದನೆಯ ಸಾಲು.

ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಸಂಸ್ಥೆಗಳು ಇವುಗಳಲ್ಲಿ ಬಹುತೇಕ ಎಲ್ಲಕ್ಕೂ ‘ಮಾಡ್ಯೂಲ್’ ಎನ್ನುತ್ತವೆ. ಕೊಳ್ಳುವವರ ಮನೆಯಲ್ಲಿ ಯಾವ ಯಂತ್ರವಿದೆಯೆಂದು ಅವು ಬಲ್ಲವೆ? ಅವುಗಳ ಮಟ್ಟಿಗೆ ಅದು ಯುಕ್ತವೇ. ಆದರೆ ತಮ್ಮ ಯಂತ್ರ ಯಾವುದೆಂದು ಚೆನ್ನಾಗಿ ಬಲ್ಲವರೂ ಅದೇ ಉತ್ತರವನ್ನು ನಕಲು ಮಾಡುವುದು ಸರಿಯಲ್ಲ. ಆ ಹೊತ್ತಿಗೆ ಬಳಕೆಯಲ್ಲಿರುವ ಮಾಡ್ಯೂಲುಗಳನ್ನಷ್ಟೇ ಉಳಿಸಿಕೊಳ್ಳುವ ಒಂದು ಸುಲಭೋಪಾಯವೂ ಉಂಟು. ಆ ಗಳಿಗೆಯಲ್ಲಿ ಮುದ್ರಣಯಂತ್ರ ಸಿಕ್ಕಿಸಿರದಿದ್ದರೆ ಅದು ಹೊಸ ಕರ್ನೆಲ್ಲಿಗೆ ಅಪರಿಚಿತವಾಗಿಬಿಡುತ್ತದೆ!

ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ ಕಾಪಾಡುವ ಪದ್ಧತಿ ಈಗ ಸಾಮಾನ್ಯ. ಯಂತ್ರ ಏಳುವಾಗಲೇ ಗುಪ್ತಪದವನ್ನು ಬೆರಳಚ್ಚಿಸಬೇಕು. ಯು.ಎಸ್.ಬಿ. ಕೀಲಿಮಣೆಯ ಮಾಡ್ಯೂಲು ಆ ಗೂಢಲಿಪಿಯ ಡಿಸ್ಕಿನೊಳಗೆ ಮಾತ್ರ ಉಳಿದು, ಮೊದಲಿಗೇ ಸ್ಮೃತಿಗೆ ಬರುವ ಆರಂಭಿಕ ಕಡತ ಸಂಪುಟದಲ್ಲಿ ಸೇರಿರದಿದ್ದರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗುತ್ತದೆ. ನಿಯಂತ್ರಕಕ್ಕೂ ಕೀಲಿಮಣೆಗೂ ‘ಹೌದು’ ಎನ್ನುವುದೇ ಲೇಸು.

ಇದು ತನ್ನ ಮನೆಗೆ ತಾನೇ ಹೊರಗಾಗುವ ಕಷ್ಟ. ಅನ್ಯರು ಒಳನುಗ್ಗುವುದು ಇದಕ್ಕಿಂತ ಗಂಭೀರವಾದುದು. 2014ರಲ್ಲಿ ಅಮೆರಿಕದ ಬ್ಲಾಕ್ ಹ್ಯಾಟ್ ಸಮ್ಮೇಳನದಲ್ಲಿ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಒಂದು ಸಂಗತಿಯನ್ನು ಪ್ರಯೋಗದಿಂದ ತೋರಿಸಿದರು. ಪೆನ್ ಡ್ರೈವಿನೊಳಗಿರುವ ಪುಟ್ಟ ನಿಯಂತ್ರಕದ ಆದೇಶಗಳನ್ನು ತಿದ್ದಿ ಬರೆದರೆ ಅದು ‘ನಾನು ಕೀಲಿಮಣೆ’ ಎಂದು ಹೇಳಿಕೊಳ್ಳಬಲ್ಲುದು. ಉಪಕರಣ ತನ್ನನ್ನು ಏನೆಂದು ಪರಿಚಯಿಸಿಕೊಳ್ಳುತ್ತದೆಯೋ ಅದನ್ನೇ ಗಣಕ ನಂಬುತ್ತದೆ. ಬಳಿಕ ಅದು ಬೆರಳಚ್ಚಿಸಿದ ಆದೇಶಗಳೆಲ್ಲ ಒಡೆಯನ ಆದೇಶಗಳೇ! ಇಂಥಲ್ಲಿ ಸಂಗ್ರಹ ವರ್ಗಕ್ಕೆ ‘ಇಲ್ಲ’ ಎಂದರೂ ರಕ್ಷಣೆ ದೊರೆಯದು. ಕಿಂಡಿಗಳಿಗೆ ಅಂಟು ಸುರಿದು ಮುಚ್ಚುವವರೂ ಇದ್ದಾರೆ. ಕೀಲಿಮಣೆಗೆಂದು ಬಿಟ್ಟ ಒಂದು ಕಿಂಡಿಯಿಂದ ಅದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಲು ಕಳ್ಳನಿಗೆ ಎಷ್ಟು ಹೊತ್ತು ಬೇಕು?

ಇತ್ತೀಚಿನ ಕರ್ನೆಲ್ಲುಗಳಲ್ಲಿ ಇದಕ್ಕೆಂದೇ ಒಂದು ಪ್ರಶ್ನೆಯಿದೆ: ಹೊಸದಾಗಿ ಬಂದ ಉಪಕರಣಕ್ಕೆ ಮೊದಲಲ್ಲೇ ಅನುಮತಿ ಕೊಡಬೇಕೆ? 0 ಎಂದರೆ ಯಾವುದಕ್ಕೂ ಇಲ್ಲ. 1 ಎಂದರೆ ಎಲ್ಲಕ್ಕೂ. 2 ಎಂದರೆ ಯಂತ್ರದ ಒಳಭಾಗದಲ್ಲೇ ಜೋಡಿಸಿರುವುವಕ್ಕೆ ಮಾತ್ರ. ಬದಲಾಯಿಸದೆ ಬಿಟ್ಟರೆ ಅಲ್ಲಿರುವುದು 1. ಮನೆಯ ಗಣಕಕ್ಕೆ ಅದೇ ಇರಲಿ ಎಂದು ನಾನೂ ಹೇಳುತ್ತೇನೆ. 0 ಎಂದು ಬರೆದ ಗೃಹಸ್ಥನು ತನ್ನ ಕೀಲಿಮಣೆಗೇ ಬಾಗಿಲು ಹಾಕಿಕೊಂಡು ಪೇಚಾಡಿಯಾನು. 2 ಎಂಬುದೂ, ಯಾವ ಕಿಂಡಿ ಒಳಗಿನದು, ಯಾವುದು ಹೊರಗಿನದು ಎಂದು ಯಂತ್ರದ ಮೂಲತಂತ್ರಾಂಶ ಸರಿಯಾಗಿ ತಿಳಿಸಿದರೆ ಮಾತ್ರ ಉಪಯುಕ್ತ.

ಆದರೆ ಸಾರ್ವಜನಿಕರ ಕೈಗೆಟುಕುವ ಯಂತ್ರಗಳ ಮಾತು ಬೇರೆ. ಟಿಕೆಟು ಕೊಡುವ ಪೆಟ್ಟಿಗೆ, ಗ್ರಂಥಾಲಯದ ಸೂಚೀ ಗಣಕ, ಪರೀಕ್ಷಾ ಕೇಂದ್ರದ ಸಾಲು ಯಂತ್ರಗಳು—ಇವಕ್ಕೆ ಯಾವ ಉಪಕರಣ ಸೇರಬೇಕೆಂಬುದು ಕಟ್ಟುವಾಗಲೇ ನಿಶ್ಚಿತವಾಗಿರುತ್ತದೆ. ಅಲ್ಲಿ 0 ಎಂದು ಬರೆದು, ಗೊತ್ತಾದ ಉಪಕರಣಗಳಿಗಷ್ಟೇ ಅನುಮತಿ ನೀಡುವ ಯು.ಎಸ್.ಬಿ.ಗಾರ್ಡಿನಂತಹ ಕಾವಲು ಕ್ರಮವಿಧಿಯನ್ನು ಜೊತೆಗಿಡಬೇಕು. ಉಪಕರಣ ತನ್ನ ಗುರುತನ್ನೇ ನಕಲು ಮಾಡಬಹುದಲ್ಲವೆ ಎಂಬ ಆಕ್ಷೇಪಣೆ ನಿಜವೇ. ಆದುದರಿಂದ ಗುರುತಿನ ಜೊತೆಗೆ ಕಿಂಡಿಯ ಸ್ಥಾನವನ್ನೂ ನಿಯಮದಲ್ಲಿ ಸೇರಿಸುವುದು ವಿಹಿತ. ಸಂಗ್ರಹ ವರ್ಗಕ್ಕೆ ಅಲ್ಲಿ ‘ಇಲ್ಲ’ ಎಂದೇ ಉತ್ತರಿಸತಕ್ಕದ್ದು.

1 ಎಂಬುದನ್ನು ಅಳಿಸಿ 0 ಎಂದು ಬರೆಯಲು ಅರ್ಧ ನಿಮಿಷ ಸಾಕು. ಉಪಕರಣಗಳ ಪಟ್ಟಿಮಾಡಿ, ಪ್ರತಿ ಕಿಂಡಿಯನ್ನೂ ಪರೀಕ್ಷಿಸುವ ಕೆಲಸಕ್ಕೆ ಹೆಚ್ಚಿನ ಸಮಯ ಬೇಕು. ಗುತ್ತಿಗೆದಾರರು ಬಿಟ್ಟುಬಿಡುವುದು ಸಹಜವಾಗಿ ಇದನ್ನೇ. ಯಂತ್ರಗಳನ್ನು ಕೊಳ್ಳುವ ಕಛೇರಿಗಳು ಈ ಕೆಲಸವನ್ನು ಕರಾರುಪತ್ರದಲ್ಲಿಯೇ ನಮೂದಿಸಿ, ಹಣ ಸಲ್ಲಿಸುವ ಮುನ್ನ ಒಂದು ಅಪರಿಚಿತ ಕೀಲಿಮಣೆಯನ್ನು ಸಿಕ್ಕಿಸಿ ನೋಡಲಿ.